ಟ್ರೈನಿಂಗ್ ಗಂಟೆಗೆ ಸಂಬಳ ಇಲ್ವಾ?

ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿ ಕಾಲೇಜು ಓದುತ್ತಾ ಒಂದು ಸ್ಯಾಂಡ್‌ವಿಚ್ ಅಂಗಡಿಗೆ ಸೇರಿಕೊಂಡ. ಇಲ್ಲೇ ಹುಟ್ಟಿ ಬೆಳೆದ ಹುಡುಗ, 21 ವರ್ಷ. ಸಂಬಳ ಗಂಟೆಗೆ 7.25 ಡಾಲರ್. ಅಮೆರಿಕದ ಕೇಂದ್ರ ಸರ್ಕಾರ ಹೇಳಿರುವ ಕನಿಷ್ಠ ವೇತನ ಅಷ್ಟೇ. ಟೆಕ್ಸಾಸ್‌ನಲ್ಲೂ ಅದೇ ದರ.

ಮೊದಲ ದಿನ ಮ್ಯಾನೇಜರ್ ಒಂದು ಲಿಂಕ್ ಕಳಿಸಿದ. "ಮನೆಯಲ್ಲೇ ಕೂತು ವಿಡಿಯೊಗಳನ್ನೆಲ್ಲ ನೋಡಿ ಮುಗಿಸು, ಆಮೇಲೆ ಶಿಫ್ಟ್ ಹಾಕ್ತೀನಿ" ಅಂದ. ಕೈ ತೊಳೆಯೋದು ಹೇಗೆ, ಮಾಂಸ ಕತ್ತರಿಸುವ ಯಂತ್ರದ ಬ್ಲೇಡ್ ಬಿಚ್ಚೋದು ಹೇಗೆ, ಕಡಲೆಕಾಯಿ ಅಲರ್ಜಿ ಇರುವ ಗಿರಾಕಿ ಬಂದರೆ ಏನು ಮಾಡಬೇಕು, ಎಲ್ಲ ಅದರಲ್ಲಿತ್ತು. ಪ್ರತಿ ವಿಡಿಯೊ ಮುಗಿದ ಮೇಲೆ ಪ್ರಶ್ನೆಗಳು. ತಪ್ಪಾದರೆ ಮತ್ತೆ ಮೊದಲಿಂದ ನೋಡಬೇಕು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಗಂಟೆ ಕೂತಿದ್ದ. ಶನಿವಾರ ಅಂಗಡಿಗೆ ಹೋಗಿ ಇನ್ನೊಬ್ಬ ಹುಡುಗನ ಪಕ್ಕದಲ್ಲಿ ಎರಡು ಗಂಟೆ ನಿಂತು ನೋಡಿದ. ನೋಡಿದ್ದಷ್ಟೇ ಅಲ್ಲ, ಮಧ್ಯಾಹ್ನದ ರಷ್‌ನಲ್ಲಿ ಟೊಮೆಟೊ ಹೆಚ್ಚಿಕೊಟ್ಟ, ಟ್ರೇ ಒರೆಸಿದ.

ಅದಾದ ಮೇಲೆ ಆ ವಾರ 15 ಗಂಟೆ ಮಾಮೂಲಿ ಶಿಫ್ಟ್. ಪೇಚೆಕ್ ಬಂತು. ಅದರಲ್ಲಿ ಗಂಟೆ ಅಂತ ಇದ್ದ ಜಾಗದಲ್ಲಿ 15.00. ಮೊದಲಿನ ಐದು ಗಂಟೆ ಎಲ್ಲೂ ಇರಲಿಲ್ಲ.

"ಬಿಡಿ ಮಾಮ, ಟ್ರೈನಿಂಗ್ ತಾನೆ" ಅಂದ ಅವನು. ಅಕ್ಕನೂ ಅದನ್ನೇ ಹೇಳಿದಳು. "ಕಲಿಸಿಕೊಟ್ಟಿದ್ದೇ ದೊಡ್ಡದು ಕಣೋ. ಅದಕ್ಕೂ ದುಡ್ಡು ಕೇಳ್ತಾರಾ?"

ನಾನು ಇಲ್ಲಿ ಸಣ್ಣಪುಟ್ಟ ಅಂಗಡಿಗಳಿಗೆ ಸಂಬಳದ ಲೆಕ್ಕ ಬರೆಯುವವನು. ಅಕ್ಕನ ಮಾತು ಹೊಸದಲ್ಲ. ನಮ್ಮವರ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್4 ವೀಸಾದಲ್ಲಿ ಬಂದು, ಕೆಲಸದ ಅನುಮತಿ ಸಿಕ್ಕ ಮೇಲೆ ಬಟ್ಟೆ ಅಂಗಡಿಯಲ್ಲೋ ಡೇಕೇರ್‌ನಲ್ಲೋ ಸೇರಿಕೊಂಡ ಹೆಣ್ಣುಮಕ್ಕಳು ಹೇಳುತ್ತಾರೆ. ಕ್ಯಾಂಪಸ್ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಎಂಎಸ್ ವಿದ್ಯಾರ್ಥಿಗಳೂ ಹೇಳುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು.

ಅಕ್ಕ ಯಾಕೆ ಹಾಗೆ ಅಂದಳು ಅಂತ ನನಗೆ ಚೆನ್ನಾಗಿ ಗೊತ್ತು. ತಿಪಟೂರಿನಲ್ಲಿ ನಮ್ಮಪ್ಪನದು ಟೈಲರ್ ಅಂಗಡಿ. ಕೆಲಸ ಕಲಿಯಲು ಹುಡುಗರು ಬರುತ್ತಿದ್ದರು. ಮೊದಲ ಆರು ತಿಂಗಳು ಬರೀ ಕಾಜಾ ಹೊಲಿಯೋದು, ಗುಂಡಿ ಹಾಕೋದು, ಇಸ್ತ್ರಿಗೆ ಇದ್ದಲು ತುಂಬೋದು. ಸಂಬಳ ಅಂತ ಇರಲಿಲ್ಲ. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ, ಹಬ್ಬಕ್ಕೆ ಒಂದು ಜೊತೆ ಬಟ್ಟೆ. ಯಾರೂ ಅದನ್ನು ಮೋಸ ಅಂದುಕೊಂಡಿರಲಿಲ್ಲ. ಅಪ್ಪನೂ ಹಾಗೇ ಕಲಿತವರು. ಆದರೆ ಈಗ ಯೋಚಿಸಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಆ ಹುಡುಗ ಕಾಜಾ ಹೊಲಿದ ಶರ್ಟನ್ನು ಗಿರಾಕಿ ದುಡ್ಡು ಕೊಟ್ಟೇ ತಗೊಂಡು ಹೋಗುತ್ತಿದ್ದ. ಹುಡುಗ ಕಲಿಯುತ್ತಿದ್ದ, ಹೌದು. ಅದೇ ಹೊತ್ತಿಗೆ ಅಂಗಡಿಯ ಕೆಲಸವೂ ಆಗುತ್ತಿತ್ತು. ಅಮೆರಿಕದ ಕಾನೂನು ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು.

ಆ ಕಾನೂನಿನ ಹೆಸರು ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರಲ್ಲಿ ಸಹಿ ಹಾಕಿದ್ದು. ಆಗ ಕನಿಷ್ಠ ವೇತನ ಗಂಟೆಗೆ 25 ಸೆಂಟ್. ಈಗಿನ 7.25 ಡಾಲರ್ 2009ರ ಜುಲೈನಲ್ಲಿ ಬಂದದ್ದು, ಅಲ್ಲಿಂದ ಒಂದು ಸೆಂಟೂ ಏರಿಲ್ಲ. ಕೆಲವು ರಾಜ್ಯಗಳು ತಮ್ಮದೇ ದರ ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ 16.50 ಡಾಲರ್ ಇತ್ತು. ಎರಡರಲ್ಲಿ ಯಾವುದು ಜಾಸ್ತಿಯೋ ಅದು ಕೆಲಸಗಾರನಿಗೆ ಸಿಗಬೇಕು.

ಈ ಕಾನೂನು "ಕೆಲಸಕ್ಕೆ ಇಟ್ಟುಕೊಳ್ಳುವುದು" ಅನ್ನುವುದಕ್ಕೆ ತುಂಬ ಅಗಲವಾದ ಅರ್ಥ ಕೊಡುತ್ತದೆ. ಮಾಡು ಅಂತ ಹೇಳಿದ್ದಷ್ಟೇ ಅಲ್ಲ, ಮಾಡುತ್ತಿರುವುದನ್ನು ನೋಡಿಯೂ ಸುಮ್ಮನೆ ಬಿಟ್ಟರೆ ಅದೂ ಕೆಲಸವೇ. ಮನೆಯಲ್ಲಿ ಮಾಡಿದ್ದೂ ಸೇರುತ್ತದೆ. ಊಟದ ಮೇಜಿನ ಮೇಲಿನ ಆ ಲ್ಯಾಪ್‌ಟಾಪ್ ಅಂಗಡಿಯ ಹೊರಗಿತ್ತು ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಟ್ರೈನಿಂಗ್ ವಿಷಯಕ್ಕೆ ಕಾರ್ಮಿಕ ಇಲಾಖೆ ಪ್ರತ್ಯೇಕ ನಿಯಮವನ್ನೇ ಬರೆದಿದೆ. ಸಂಖ್ಯೆ 29 ಸಿಎಫ್‌ಆರ್ 785.27 (ಸಿಎಫ್‌ಆರ್ ಅಂದರೆ ಕೇಂದ್ರ ಸರ್ಕಾರದ ನಿಯಮಗಳ ಸಂಗ್ರಹ). ಮ್ಯಾನೇಜರ್ ಹತ್ತಿರ ಮಾತಾಡುವಾಗ ಈ ಸಂಖ್ಯೆ ಗೊತ್ತಿದ್ದರೆ ಉಪಯೋಗಕ್ಕೆ ಬರುತ್ತದೆ. ಅದು ಹೇಳುವುದು ಇಷ್ಟು: ಟ್ರೈನಿಂಗ್ ಗಂಟೆಗೆ ಸಂಬಳ ಕೊಡದೇ ಇರಬೇಕಾದರೆ ನಾಲ್ಕು ಮಾತು ನಿಜವಾಗಿರಬೇಕು. ಅದು ಮಾಮೂಲಿ ಕೆಲಸದ ಹೊತ್ತಿನ ಆಚೆ ನಡೆದಿರಬೇಕು. ಹೋಗುವುದು ಬಿಡುವುದು ಕೆಲಸಗಾರನ ಇಷ್ಟ ಆಗಿರಬೇಕು. ಅವನ ಕೆಲಸಕ್ಕೆ ನೇರ ಸಂಬಂಧ ಇರಬಾರದು. ಆ ಹೊತ್ತಿನಲ್ಲಿ ಅವನು ಅಂಗಡಿಗೆ ಉಪಯೋಗವಾಗುವ ಯಾವ ಕೆಲಸವನ್ನೂ ಮಾಡಿರಬಾರದು.

ನಾಲ್ಕೂ ಇರಬೇಕು, ಇದನ್ನು ಮರೆಯಬೇಡಿ. ಮೂರು ಇದ್ದು ಒಂದು ತಪ್ಪಿದರೂ ಸಂಬಳ ಕೊಡಲೇಬೇಕು. ಅಂಗಡಿಯವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. "ನೀನು ಆಗ ಶಿಫ್ಟ್‌ನಲ್ಲಿ ಇರಲಿಲ್ಲ ಅಲ್ವಾ" ಅನ್ನುತ್ತಾರೆ. ಹೌದು, ಇರಲಿಲ್ಲ. ಉಳಿದ ಮೂರರ ಕತೆ ಏನು?

ಇಷ್ಟ ಇದ್ದರೆ ಬಾ ಅನ್ನುವುದನ್ನೇ ನೋಡಿ. ಬರಲೇಬೇಕು ಅಂತ ಹೇಳಿದರೆ ಅದು ಇಷ್ಟ ಅಲ್ಲ, ಅಷ್ಟು ಎಲ್ಲರಿಗೂ ಅರ್ಥ ಆಗುತ್ತದೆ. ಆದರೆ ಮುಂದಿನ ನಿಯಮ, 785.28, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾರದೇ ಇದ್ದರೆ ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ಕೆಲಸಗಾರನಿಗೆ ಅನ್ನಿಸುವ ಹಾಗೆ ನಡೆದುಕೊಂಡರೂ ಅದು ಇಷ್ಟದ ಲೆಕ್ಕಕ್ಕೆ ಬರುವುದಿಲ್ಲ. "ಬರೋದು ಬಿಡೋದು ನಿನ್ನಿಷ್ಟ, ಆದರೆ ಬಂದವರಿಗೆ ಒಳ್ಳೆ ಶಿಫ್ಟ್ ಸಿಗುತ್ತೆ" ಅನ್ನುವ ಮಾತು ಇದೆಯಲ್ಲ, ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಈ ನಿಯಮ ಬರೆದರೇನೋ ಅನ್ನಿಸುತ್ತದೆ ನನಗೆ. ನಮ್ಮ ಹುಡುಗನಿಗೆ ವಿಡಿಯೊ ಮುಗಿಸದೆ ಶಿಫ್ಟೇ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಸಂಬಂಧ ಇದೆಯೋ ಇಲ್ಲವೋ ಅನ್ನುವುದಕ್ಕೆ ನಿಯಮದಲ್ಲೇ ಒಂದು ಹಳೇ ಕಾಲದ ಉದಾಹರಣೆ ಇದೆ. ಸ್ಟೆನೋಗ್ರಾಫರ್‌ಗೆ ಸ್ಟೆನೋಗ್ರಫಿಯನ್ನೇ ಇನ್ನಷ್ಟು ಚೆನ್ನಾಗಿ ಕಲಿಸಿದರೆ ಅದು ಅವಳ ಕೆಲಸಕ್ಕೆ ನೇರ ಸಂಬಂಧಪಟ್ಟದ್ದು. ಅವಳು ಲೆಕ್ಕ ಬರೆಯುವುದನ್ನು ಕಲಿಯಲು ಹೋದರೆ ಅದು ಬೇರೆ ಮಾತು. ಈಗ ಮಾಡುತ್ತಿರುವ ಕೆಲಸವನ್ನೇ ಚೆನ್ನಾಗಿ ಮಾಡಲು ಕಲಿಸಿದರೆ ಸಂಬಳ. ಹೊಸ ಹುದ್ದೆಗೋ ಹೊಸ ವಿದ್ಯೆಗೋ ತಯಾರಿ ಆದರೆ, ಉಳಿದ ಮೂರೂ ಸರಿ ಇದ್ದಾಗ, ಸಂಬಳ ಇಲ್ಲದೆ ನಡೆಯಬಹುದು. ಹಾಗೇ, ಯಾರೂ ಹೇಳದೆ ನೀವೇ ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡರೆ, ಆ ಪಾಠ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಾದರೂ ಮಾಲೀಕ ಅದಕ್ಕೆ ಸಂಬಳ ಕೊಡಬೇಕಾಗಿಲ್ಲ. ಇದು ನ್ಯಾಯವೇ ಅಲ್ವಾ.

ಇನ್ನು ಟೊಮೆಟೊ. ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಟೊಮೆಟೊ ಹೆಚ್ಚಿಕೊಟ್ಟರೆ ಅದು ಸ್ಯಾಂಡ್‌ವಿಚ್ಚಿಗೇ ಹೋಗುತ್ತದೆ. ಕಾಜಾ ಹೊಲಿದ ಹಾಗೆಯೇ.

ಈ ಜಾಗದಲ್ಲಿ ಕೆಲವು ಮಾಲೀಕರು 1947ರ ಒಂದು ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತುತ್ತಾರೆ. ವಾಲಿಂಗ್ ವಿರುದ್ಧ ಪೋರ್ಟ್‌ಲ್ಯಾಂಡ್ ಟರ್ಮಿನಲ್ ಕಂಪನಿ. ರೈಲ್ವೆ ಯಾರ್ಡ್‌ನಲ್ಲಿ ಬ್ರೇಕ್‌ಮನ್, ಅಂದರೆ ಬೋಗಿಗಳ ಬ್ರೇಕ್ ನೋಡಿಕೊಳ್ಳುವವ, ಆಗಬೇಕು ಅನ್ನುವವರಿಗೆ ಏಳೆಂಟು ದಿನ ಕಲಿಸುತ್ತಿದ್ದರು. ಆ ದಿನಗಳಲ್ಲಿ ಅವರು ಕೆಲಸಗಾರರಲ್ಲ ಅಂತ ಕೋರ್ಟ್ ಹೇಳಿತು. ಆದರೆ ಯಾಕೆ ಹಾಗೆ ಹೇಳಿತು ಅನ್ನುವುದನ್ನು ಓದಬೇಕು. ಅವರು ಇನ್ನೂ ಕೆಲಸಕ್ಕೆ ಸೇರಿರಲಿಲ್ಲ. ಅವರಿಂದಾಗಿ ಯಾವ ಕಾಯಂ ಕೆಲಸಗಾರನ ಜಾಗವೂ ತುಂಬುತ್ತಿರಲಿಲ್ಲ. ಅವರ ಪಕ್ಕದಲ್ಲಿ ಅನುಭವಸ್ಥರು ನಿಂತು ನೋಡಿಕೊಳ್ಳಬೇಕಿತ್ತು. ಅವರಿಂದ ರೈಲ್ವೆ ಕೆಲಸ ಬೇಗ ಸಾಗುವ ಬದಲು ಕೆಲವೊಮ್ಮೆ ನಿಧಾನವೇ ಆಗುತ್ತಿತ್ತು. ಸೇರಿಸಿಕೊಂಡಾದ ಮೇಲೆ ರಷ್ ಹೊತ್ತಿನಲ್ಲಿ ಟ್ರೇ ಒರೆಸಿದ ಹುಡುಗನಿಗೂ ಇವರಿಗೂ ಹೋಲಿಕೆ ಇಲ್ಲ.

ಇಲ್ಲಿಂದ ಮುಂದಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಕನಿಷ್ಠ ವೇತನಕ್ಕೆ ದುಡಿಯುವವರ ಬಗ್ಗೆಯೇ ಯಾಕೆ ಇಷ್ಟು ಒತ್ತಿ ಹೇಳಬೇಕು? ಎಲ್ಲ ಗಂಟೆ ಲೆಕ್ಕದ ಕೆಲಸಗಾರರಿಗೂ ಒಂದೇ ನಿಯಮ ತಾನೆ? ನಿಯಮ ಒಂದೇ. ಲೆಕ್ಕ ಮಾತ್ರ ಬೇರೆ.

ಕೇಂದ್ರ ಕಾನೂನಿನಲ್ಲಿ ಕನಿಷ್ಠ ವೇತನ ಸಿಕ್ಕಿದೆಯೋ ಇಲ್ಲವೋ ಅಂತ ಪ್ರತಿ ಗಂಟೆಗೆ ಬಿಡಿಬಿಡಿಯಾಗಿ ನೋಡುವುದಿಲ್ಲ. ವಾರದ ಒಟ್ಟು ಸಂಬಳವನ್ನು ವಾರದ ಒಟ್ಟು ಗಂಟೆಗಳಿಂದ ಭಾಗಿಸಿ ನೋಡುತ್ತಾರೆ. 1960ರ ಕ್ಲಿಂಗ್‌ಹಾಫರ್ ಬ್ರದರ್ಸ್ ಅನ್ನುವ ಕೇಸಿನಿಂದ ಬಂದ ರೂಢಿ ಇದು.

ಈಗ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಒಂದು ವಾರ 20 ಗಂಟೆ ಕಳೆದಿದ್ದಾರೆ, ಇಬ್ಬರಿಗೂ 15 ಗಂಟೆಗೆ ಮಾತ್ರ ಸಂಬಳ ಸಿಕ್ಕಿದೆ. ಒಬ್ಬಳ ದರ ಗಂಟೆಗೆ 12 ಡಾಲರ್. ಅವಳಿಗೆ ಸಿಕ್ಕಿದ್ದು 180 ಡಾಲರ್. 20ರಿಂದ ಭಾಗಿಸಿದರೆ ಗಂಟೆಗೆ 9 ಡಾಲರ್. 7.25ಕ್ಕಿಂತ ಜಾಸ್ತಿಯೇ ಇದೆ. ಹಾಗಾಗಿ ಕೇಂದ್ರದ ಕನಿಷ್ಠ ವೇತನದ ಕಾನೂನು ಮುರಿದಿಲ್ಲ. ಅವಳಿಗೆ ಅನ್ಯಾಯ ಆಗಿದೆ, ಆದರೆ ಬೇರೆ ದಾರಿ ಹುಡುಕಬೇಕು. ಮಾತು ಕೊಟ್ಟ ಸಂಬಳ ಕೊಟ್ಟಿಲ್ಲ ಅಂತಲೋ, ರಾಜ್ಯದ ಕಾನೂನಿನಲ್ಲೋ.

ಇನ್ನೊಬ್ಬ ನಮ್ಮ ಹುಡುಗ. 15 ಗಂಟೆಗೆ 7.25ರಂತೆ 108.75 ಡಾಲರ್. 20ರಿಂದ ಭಾಗಿಸಿ. 5.44 ಡಾಲರ್. ಕಾನೂನು ಮುರಿಯಿತು.

ಕನಿಷ್ಠ ವೇತನದವನ ಸಂಬಳದಲ್ಲಿ ಮುರಿದುಕೊಳ್ಳಲು ಒಂದು ಚೂರೂ ಜಾಗ ಇಲ್ಲ. ಐದು ಗಂಟೆ ಬೇಡ, ಅರ್ಧ ಗಂಟೆ ಬಿಟ್ಟರೂ ಸಾಕು, ಸರಾಸರಿ 7.25ರ ಕೆಳಗೆ ಹೋಗುತ್ತದೆ. ಎಲ್ಲರಿಗಿಂತ ಕಡಿಮೆ ಸಿಗುವವನ ಪರವಾಗಿಯೇ ಕಾನೂನು ಎಲ್ಲಕ್ಕಿಂತ ಸ್ಪಷ್ಟವಾಗಿ ನಿಂತಿದೆ. ಆದರೆ "ಸಣ್ಣ ದುಡ್ಡು, ಬಿಡು" ಅಂತ ಸುಮ್ಮನಾಗುವವರೂ ಹೆಚ್ಚಾಗಿ ಇವರೇ. ಇದು ನನ್ನ ಹೊಟ್ಟೆ ಉರಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಸರಾಸರಿ ಲೆಕ್ಕವೇ ನಡೆಯುವುದಿಲ್ಲ. ಅಲ್ಲಿ ಪ್ರತಿ ಗಂಟೆಗೂ ಪ್ರತ್ಯೇಕವಾಗಿ ಕನಿಷ್ಠ ವೇತನ ಸಿಗಬೇಕು. 2005ರಲ್ಲಿ ಅಲ್ಲಿನ ಕೋರ್ಟ್ ಹಾಗೆ ಹೇಳಿದೆ. ಹೋಟೆಲ್ ಕೆಲಸಗಾರರು ಪಡೆಯಬೇಕಾದ ಫುಡ್ ಹ್ಯಾಂಡ್ಲರ್ ಕಾರ್ಡಿನ ಖರ್ಚು, ಅದರ ಪಾಠಕ್ಕೂ ಪರೀಕ್ಷೆಗೂ ಹಿಡಿಯುವ ಹೊತ್ತಿನ ಸಂಬಳ, ಎರಡನ್ನೂ ಮಾಲೀಕನೇ ಕೊಡಬೇಕು ಅನ್ನುವ ಕಾನೂನೂ 2024ರ ಜನವರಿಯಿಂದ ಅಲ್ಲಿ ಇದೆ. ಹಾಗಾಗಿ ನೀವು ಯಾವ ರಾಜ್ಯದಲ್ಲಿದ್ದೀರಿ ಅನ್ನುವುದನ್ನು ಮೊದಲು ನೋಡಿಕೊಳ್ಳಿ.

ತುಂಬ ಜನ ತಪ್ಪು ತಿಳಿದುಕೊಂಡಿರುವ ಇನ್ನೊಂದು ವಿಷಯ "ಟ್ರೈನಿಂಗ್ ದರ". 20 ವರ್ಷ ತುಂಬದವರಿಗೆ, ಸೇರಿದ ಮೊದಲ 90 ದಿನ, ಗಂಟೆಗೆ 4.25 ಡಾಲರ್ ಕೊಡಲು ಕೇಂದ್ರ ಕಾನೂನು ಬಿಡುತ್ತದೆ. ಕ್ಯಾಲೆಂಡರ್‌ನ 90 ದಿನ ಅದು, ಕೆಲಸಕ್ಕೆ ಹೋದ 90 ದಿನ ಅಲ್ಲ. ಮಧ್ಯೆ 20 ತುಂಬಿದರೆ ಆವತ್ತಿನಿಂದಲೇ ಪೂರ್ತಿ ದರ. ಇದಕ್ಕೂ ಕಲಿಯುತ್ತಿದ್ದಾನೋ ಇಲ್ಲವೋ ಅನ್ನುವುದಕ್ಕೂ ಸಂಬಂಧವೇ ಇಲ್ಲ, ವಯಸ್ಸಿನ ಲೆಕ್ಕ ಅಷ್ಟೇ. 35 ವರ್ಷದ ಹೆಣ್ಣುಮಗಳಿಗೆ "ಟ್ರೈನಿಂಗ್ ಮುಗಿಯೋವರೆಗೂ ನಾಲ್ಕೂಕಾಲು ಡಾಲರ್" ಅಂತ ಯಾರಾದರೂ ಹೇಳಿದರೆ ಅದು ತಪ್ಪು. 19ರ ಹುಡುಗನಿಗೂ ಸೊನ್ನೆ ಕೊಡುವಂತಿಲ್ಲ.

ಟ್ರೈನಿಂಗ್ ಖರ್ಚನ್ನು ಸಂಬಳದಲ್ಲಿ ಹಿಡಿದುಕೊಳ್ಳುವ ಅಭ್ಯಾಸವೂ ಇದೆ. "ಮೂರು ತಿಂಗಳಲ್ಲಿ ಬಿಟ್ಟರೆ ಕಲಿಸಿದ ಖರ್ಚು ಕೊಡಬೇಕು" ಅಂತ ಮೊದಲೇ ಸಹಿ ಹಾಕಿಸಿಕೊಂಡಿರುತ್ತಾರೆ. ಮಾಲೀಕನ ಅನುಕೂಲಕ್ಕೆ ಮಾಡಿದ ಖರ್ಚನ್ನು, ಕೈಗೆ ಬರುವ ಸಂಬಳ ಕನಿಷ್ಠ ದರದ ಕೆಳಗೆ ಇಳಿಯುವ ಹಾಗೆ ಹಿಡಿಯುವಂತಿಲ್ಲ. ಯೂನಿಫಾರ್ಮ್‌ಗೂ ಇದೇ ಮಾತು. 7.25ರಲ್ಲೇ ಇರುವವನ ಸಂಬಳದಿಂದ ಏನು ಹಿಡಿದರೂ ಕೆಳಗೇ ಇಳಿಯುತ್ತದೆ, ಅಲ್ವಾ? ಕಾಗದಕ್ಕೆ ಸಹಿ ಹಾಕಿದ್ದೀರಿ ಅಂತ ಹೆದರಬೇಡಿ. ಕನಿಷ್ಠ ವೇತನದ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ.

ಓವರ್‌ಟೈಮ್ ಬಗ್ಗೆ ಒಂದೇ ಮಾತು. ಟ್ರೈನಿಂಗ್ ಗಂಟೆ ಸೇರಿಸಿದಾಗ ವಾರಕ್ಕೆ 40 ದಾಟಿದರೆ, ದಾಟಿದ ಗಂಟೆಗಳಿಗೆ ಒಂದೂವರೆ ಪಟ್ಟು ಸಂಬಳ.

ಎಫ್1, ಅಂದರೆ ವಿದ್ಯಾರ್ಥಿ ವೀಸಾದ ಮಕ್ಕಳು ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ಕ್ಲಾಸ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. "ಇದು ಲೆಕ್ಕಕ್ಕಿಲ್ಲ, ಸುಮ್ನೆ ಬಂದು ಕಲ್ತ್ಕೊಂಡು ಹೋಗು" ಅಂತ ಸೂಪರ್‌ವೈಸರ್ ಹೇಳಿದರೆ ಆ ಹೊತ್ತನ್ನೂ 20ರ ಒಳಗೇ ಸೇರಿಸಿಕೊಂಡು ನೋಡಿ. ಹೊರಗಿನ ಅಂಗಡಿಗೆ ಅನುಮತಿ ಇಲ್ಲದೆ ಹೋಗಲೇಬೇಡಿ, ಸಂಬಳ ಇಲ್ಲದ ಟ್ರೈನಿಂಗ್ ಅಂದರೂ ಸರಿ. ಈಗಾಗಲೇ ದುಡಿದಾಗಿದ್ದರೆ ಮಾತ್ರ ಒಂದು ವಿಷಯ ತಿಳಿದಿರಲಿ. ದುಡಿದ ಗಂಟೆಯ ಕನಿಷ್ಠ ವೇತನ ಕೇಳುವ ಹಕ್ಕು ವೀಸಾ ಯಾವುದು ಅನ್ನುವುದರ ಮೇಲೆ ನಿಂತಿಲ್ಲ.

ಸರಿ, ಗಂಟೆ ಬಿಟ್ಟುಹೋಗಿದೆ ಅಂತ ಗೊತ್ತಾಯಿತು. ರುಜುವಾತು ಎಲ್ಲಿದೆ? ಕ್ಲಾಕ್ ಇನ್ ಮಾಡಿಲ್ಲ, ಅಂಗಡಿಯ ದಾಖಲೆಯಲ್ಲಿ ಇಲ್ಲ. ಇಲ್ಲಿಗೆ ಬಂದಾಗ ಎಲ್ಲರೂ ಕೈಚೆಲ್ಲುತ್ತಾರೆ. ಆದರೆ ಇದಕ್ಕೆ ಉತ್ತರ 1946ರಲ್ಲೇ ಸಿಕ್ಕಿದೆ. ಮಿಷಿಗನ್‌ನ ಮೌಂಟ್ ಕ್ಲೆಮೆನ್ಸ್ ಅನ್ನುವ ಊರಿನ ಮಡಿಕೆ ಕುಡಿಕೆ ಫ್ಯಾಕ್ಟರಿಯ ಕೆಲಸಗಾರರು ಸುಪ್ರೀಂ ಕೋರ್ಟ್‌ವರೆಗೂ ಹೋದರು. ಕೋರ್ಟ್ ಹೇಳಿದ್ದು ಇದು: ಗಂಟೆಯ ದಾಖಲೆ ಇಡುವುದು ಮಾಲೀಕನ ಕೆಲಸ. ಅವನು ಸರಿಯಾಗಿ ಇಡದೇ ಇದ್ದರೆ ಆ ಶಿಕ್ಷೆ ಕೆಲಸಗಾರನಿಗೆ ಆಗಬಾರದು. ಕೆಲಸಗಾರ ತನ್ನ ಕೈಲಾದಷ್ಟು ಒಪ್ಪುವಂಥ ಅಂದಾಜು ಕೊಟ್ಟರೆ ಸಾಕು, ಅದು ತಪ್ಪು ಅಂತ ತೋರಿಸುವ ಹೊರೆ ಮಾಲೀಕನ ಮೇಲೆ ಬೀಳುತ್ತದೆ.

ಅಂದರೆ ನಿಮ್ಮ ಕೈಬರಹದ ಒಂದು ಸಣ್ಣ ನೋಟ್‌ಬುಕ್ಕಿಗೆ ಬೆಲೆ ಇದೆ. ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಏನು ಮಾಡಿದೆ, ಯಾರು ಹೇಳಿದರು. ಆವತ್ತಾವತ್ತೇ ಬರೆದಿಡಿ. ಮ್ಯಾನೇಜರ್ ಕಳಿಸಿದ ಮೆಸೇಜ್ ಅಳಿಸಬೇಡಿ. ವಿಡಿಯೊ ಮುಗಿದಾಗ ಬರುವ ಸರ್ಟಿಫಿಕೇಟಿನ ಮೇಲೆ ದಿನ, ಹೊತ್ತು ಇದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಮೊದಲು ಕೇಳುವುದು ಅಂಗಡಿಯಲ್ಲೇ. ಎಷ್ಟೋ ಕಡೆ ಮ್ಯಾನೇಜರ್‌ಗೂ ನಿಯಮ ಗೊತ್ತಿರುವುದಿಲ್ಲ. ನಾನು ಲೆಕ್ಕ ಬರೆಯುವ ಅಂಗಡಿಗಳಲ್ಲೇ ನೋಡಿದ್ದೇನೆ, ಹೇಳಿದ ತಕ್ಷಣ ಸೇರಿಸಿದವರಿದ್ದಾರೆ. ಕೊಡುವುದಿಲ್ಲ ಅಂದರೆ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ಗೆ ದೂರು ಕೊಡಬಹುದು. ಫೋನ್ 1-866-487-9243. ವಕೀಲರು ಬೇಕಿಲ್ಲ, ಶುಲ್ಕ ಇಲ್ಲ, ದೂರು ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿ ಇಡುತ್ತಾರೆ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ ಅದು ಇನ್ನೊಂದು ತಪ್ಪು. ಹಿಂದಿನ ಎರಡು ವರ್ಷದ ಬಾಕಿ ಕೇಳಬಹುದು, ಮಾಲೀಕ ಗೊತ್ತಿದ್ದೂ ಮಾಡಿದ್ದರೆ ಮೂರು ವರ್ಷದ್ದು. ಬಾಕಿಯಷ್ಟೇ ಮೊತ್ತವನ್ನು ಪರಿಹಾರವಾಗಿ ಮತ್ತೆ ಸೇರಿಸಿ ಕೊಡಿಸಲೂ ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಹುಡುಗನ ಬಾಕಿ 36.25 ಡಾಲರ್. ಅಲ್ಲಿವರೆಗೆ ಹೋಗಿದ್ದರೆ 72.50 ಆಗಬಹುದಿತ್ತು.

ಅಲ್ಲಿವರೆಗೆ ಹೋಗಲಿಲ್ಲ. ಅವನು ಒಂದು ಹಾಳೆಯಲ್ಲಿ ಐದು ಗಂಟೆಯ ವಿವರ ಬರೆದುಕೊಂಡು, ಅಂಗಡಿ ಖಾಲಿ ಇದ್ದ ಮಂಗಳವಾರ ಮಧ್ಯಾಹ್ನ ಮ್ಯಾನೇಜರ್‌ಗೆ ಕೊಟ್ಟ. ಜಗಳ ಆಡಲಿಲ್ಲ. "ಇದು ಬಿಟ್ಟುಹೋಗಿದೆ, ಸೇರಿಸ್ತೀರಾ" ಅಂತಷ್ಟೇ ಕೇಳಿದ. ಅವರು ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಮುಂದಿನ ಪೇಚೆಕ್‌ನಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: 5.00 ಗಂಟೆ, 36.25. ಅಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನ ಅಂಗಡಿಯಲ್ಲಿ ಕಾಜಾ ಹೊಲೀತಿದ್ದ ಹುಡುಗರ ಹೆಸರು ನೆನಪಿದೆಯಾ ನಿನಗೆ?" ಅಂತ ಕೇಳಿದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮೂವರ ಹೆಸರು ನೆನಪಾಯಿತು.